ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿಯನ್ನು ಹಸುವಿಗೆ ಹಾಕಬಹುದಾ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕು. ಮೂರು ಎಚ್‌ಎಫ್ ತಳಿಯ ಹಸುಗಳಿವೆ. ಎರಡು ಹಾಲು ಕೊಡುತ್ತಿವೆ, ತಲಾ 14 ಲೀಟರ್ ಆಸುಪಾಸು. ಇನ್ನೊಂದು ತುಂಬು ಗಬ್ಬ, ಹಾಲು ಬತ್ತಿಸಿದ್ದೇವೆ. ಮಳೆಗಾಲಕ್ಕೆ ಮುಂಚೆ ಹತ್ತಿರದ ಎಣ್ಣೆ ಮಿಲ್ಲಿನಿಂದ ಆರು ಮೂಟೆ ಕಡ್ಲೆಕಾಯಿ ಹಿಂಡಿ ತಂದಿಟ್ಟುಕೊಂಡೆವು. ಹಸುವಿಗೆ ದಿನಕ್ಕೆ ಎರಡು ಕೆಜಿ ಹಾಕುತ್ತೇವೆ. ಗೋಡೆಗೆ ತಾಗಿದ್ದ ಎರಡು ಮೂಟೆಯಲ್ಲಿ ಈಗ ಹಸಿರು ಬೂಷ್ಟು ಬಂದಿದೆ. ಬಿಸಿಲಿಗೆ ಒಣಗಿಸಿ ಹಾಕಿದರೆ ಏನೂ ಆಗಲ್ಲ ಅಂತಾರೆ ನಮ್ಮ ಮಾವ. ಬೇಡ ಅಂದರೆ ಗಬ್ಬದ ಹಸುವಿಗಾದರೂ ಹಾಕಿ ಮುಗಿಸು ಅಂತಾರೆ. ಅಂಗಡಿಯವರು ಒಂದು ಪುಡಿ ಕೊಟ್ಟು, ಕಲಸಿ ಹಾಕಿ, ವಿಷ ಎಲ್ಲ ಹೀರಿಕೊಳ್ಳುತ್ತೆ ಅಂದರು. ಬೆಂಗಳೂರಿನಲ್ಲಿರುವ ಮಗಳು ಮಾತ್ರ ಆ ಹಾಲಿನಲ್ಲಿ ಕ್ಯಾನ್ಸರ್ ಬರಿಸುವ ವಿಷ ಇರುತ್ತೆ ಅಂತ ಎಲ್ಲೋ ಓದಿ ಗಾಬರಿಯಾಗಿದ್ದಾಳೆ. ಅವಳ ಒಂದೂವರೆ ವರ್ಷದ ಮಗು ನಮ್ಮ ಹತ್ತಿರವೇ ಇದೆ, ನಮ್ಮ ಹಸುವಿನ ಹಾಲೇ ಕುಡಿಯುತ್ತದೆ. ಡೈರಿಯಲ್ಲಿ ಹಾಲು ಒಂದು ದಿನವೂ ವಾಪಸ್ ಬಂದಿಲ್ಲ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಚೆನ್ನಾಗಿದೆ. ಹಸುಗಳೂ ಚೆನ್ನಾಗಿವೆ. ಹಾಲು ಚೆನ್ನಾಗಿ ಕಾಯಿಸಿದರೆ ಸಾಕಲ್ವಾ?

ಉತ್ತರ: ಮೊದಲು ಇವತ್ತೇ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬೂಷ್ಟು ಬಂದ ಎರಡು ಮೂಟೆಯನ್ನು ಯಾವ ಹಸುವಿಗೂ ಹಾಕಬೇಡಿ, ಗಬ್ಬದ ಹಸುವಿಗಂತೂ ಬೇಡವೇ ಬೇಡ. ಉಳಿದ ನಾಲ್ಕು ಮೂಟೆಯನ್ನೂ ಸದ್ಯಕ್ಕೆ ನಿಲ್ಲಿಸಿ. ಮಗುವಿಗೆ ಹಾಲು ನಿಲ್ಲಿಸಬೇಡಿ. ನಾಲ್ಕೈದು ದಿನ ಈ ಹಿಂಡಿ ತಿನ್ನದ ಬೇರೆ ಹಸುವಿನ ಹಾಲು ಕೊಡಿ. ನಿಮ್ಮ ಮಗಳ ಭಯಕ್ಕೆ ಆಧಾರ ಇದೆ, ಆದರೆ ಅವರು ಅಂದುಕೊಂಡಷ್ಟು ದೊಡ್ಡ ಅಪಾಯ ಇವತ್ತು ಮನೆಯಲ್ಲಿಲ್ಲ. ಮಾವನವರ ಮಾತಿನಲ್ಲೂ ಅರ್ಧ ಸತ್ಯವಿದೆ.

ಆ ಹಸಿರು ಬೂಷ್ಟು ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಜಾತಿಯದ್ದಿರಬಹುದು. ಅದರಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಅಲ್ಲೂ ಕಾರಣ ಕಡ್ಲೆಕಾಯಿ ಹಿಂಡಿಯೇ, ಬ್ರೆಜಿಲ್‌ನಿಂದ ಬಂದದ್ದು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಈ ವಿಷದಲ್ಲಿ ಹಲವು ಬಗೆ ಇವೆ, ಅತಿ ಕೆಟ್ಟದ್ದು ಬಿ1. ಹಸು ಬಿ1 ತಿಂದರೆ ಅದರ ಪಿತ್ತಜನಕಾಂಗ, ಅಂದರೆ ಲಿವರ್, ಒಂದಿಷ್ಟನ್ನು ಎಂ1 ಆಗಿ ಬದಲಾಯಿಸುತ್ತದೆ. ಹಾಲಿಗೆ ಬರುವುದು ಈ ಎಂ1.

ಬೂಷ್ಟು ಬೇರೆ, ವಿಷ ಬೇರೆ. ರೈತರಿಗೆ ನಾನು ಹೆಚ್ಚು ಸಲ ಬಿಡಿಸಿ ಹೇಳಬೇಕಾಗಿ ಬರುವುದು ಇದನ್ನೇ. ಬೂಷ್ಟು ಜೀವ ಇರುವಂಥದ್ದು, ಬಿಸಿಲಿಗೆ ಒಣಗಿದರೆ ಬೆಳವಣಿಗೆ ನಿಲ್ಲಿಸುತ್ತದೆ. ಅದು ಆಗಲೇ ಮಾಡಿಟ್ಟ ವಿಷ ಮಾತ್ರ ಹಿಂಡಿಯಲ್ಲೇ ಉಳಿಯುತ್ತದೆ. ಒಣಗಿಸಬೇಕು ಅನ್ನುವ ಮಾವನವರ ಮಾತು ಸರಿ, ಆದರೆ ಆ ಕೆಲಸ ಬೂಷ್ಟು ಬರುವ ಮುಂಚೆ ಆಗಬೇಕಿತ್ತು. ಬಿಸಿಲಿನಿಂದ ಮೇಲ್ಮೈಯಲ್ಲಿ ಸ್ವಲ್ಪ ವಿಷ ಕಮ್ಮಿ ಆಗುವುದುಂಟು, ಅದನ್ನು ನಂಬಿಕೊಂಡು ಹಸುವಿಗೆ ಹಾಕುವಷ್ಟಲ್ಲ. ತೊಳೆದರೂ, ಬೂಷ್ಟಿನ ಭಾಗ ಕೆರೆದು ತೆಗೆದರೂ ಅಷ್ಟೇ.

ಹಾಲು ಕಾಯಿಸುವುದು ರೋಗಾಣು ಕೊಲ್ಲಲು. ಅಫ್ಲಾಟಾಕ್ಸಿನ್ ಒಡೆಯಬೇಕಾದರೆ 200 ಡಿಗ್ರಿಗೂ ಮೀರಿದ ಶಾಖ ಬೇಕು. ಹಾಲು ಕುದಿಯುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಎಷ್ಟು ಉಕ್ಕಿಸಿದರೂ ಎಂ1 ಹಾಗೇ ಇರುತ್ತದೆ. ಪಾಶ್ಚರೀಕರಣದಿಂದಲೂ ಹೋಗುವುದಿಲ್ಲ. ಮೊಸರು ಮಾಡಿದರೂ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಎಂ1 ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರಿನಲ್ಲಿ ಸಾಂದ್ರತೆ ಜಾಸ್ತಿ ಆಗುತ್ತದೆ. ಬೆಣ್ಣೆ, ತುಪ್ಪಕ್ಕೆ ಹೋಗುವುದು ತೀರಾ ಕಮ್ಮಿ. ನಾಟಿ ಹಸು, ಎಮ್ಮೆ ಹಾಲಿಗೆ ಈ ಕಾಟ ಇಲ್ಲ ಅನ್ನುವವರೂ ಇದ್ದಾರೆ. ಇದೇ ಹಿಂಡಿ ತಿಂದರೆ ಅವುಗಳ ಹಾಲಿಗೂ ಬರುತ್ತದೆ.

ಡೈರಿ ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ಸಂಘದಲ್ಲಿ ನೋಡುವುದು ಫ್ಯಾಟು, ಎಸ್‌ಎನ್‌ಎಫ್, ವಾಸನೆ, ನೀರು ಬೆರೆಸಿದ್ದಾರಾ ಅಂತ. ಅದು ಹಾಲಿಗೆ ಬೆಲೆ ಕಟ್ಟುವ ಪರೀಕ್ಷೆ. ಎಂ1 ಅದರಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಬೇರೆ ಸ್ಟ್ರಿಪ್ ಕಿಟ್ ಅಥವಾ ಲ್ಯಾಬ್ ಪರೀಕ್ಷೆ ಬೇಕು. ಅಂಥ ಪರೀಕ್ಷೆಯನ್ನು ಸಾಮಾನ್ಯವಾಗಿ ಟ್ಯಾಂಕರ್ ಅಥವಾ ಡೈರಿ ಘಟಕದ ಮಟ್ಟದಲ್ಲಿ ಮಾಡುತ್ತಾರೆ, ಒಬ್ಬೊಬ್ಬರ ಕ್ಯಾನಿಗೆ ಮಾಡುವುದಿಲ್ಲ. ಇನ್ನು, ಹಸುಗಳು ಚೆನ್ನಾಗಿವೆ ಅನ್ನುವುದೂ ಪುರಾವೆ ಅಲ್ಲ. ದೊಡ್ಡ ಹಸು ಈ ವಿಷವನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಮೇವು ಬಿಡುವುದು, ಹಾಲು ಇಳಿಯುವುದು ಇತ್ಯಾದಿ ಕಾಣುವಷ್ಟು ವಿಷ ಹೊಟ್ಟೆಗೆ ಹೋಗುವುದಕ್ಕೆ ಬಹಳ ಮುಂಚೆಯೇ ಹಾಲಿನಲ್ಲಿ ಎಂ1 ಮಿತಿ ದಾಟಿರುತ್ತದೆ. ಕರುಗಳಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಕೋಳಿ, ಅದರಲ್ಲೂ ಬಾತುಕೋಳಿ, ಬೇಗ ಸಾಯುತ್ತವೆ. ಹಾಗಾಗಿ ಹಸುವಿಗೆ ಬೇಡವಾದದ್ದನ್ನು ಕೋಳಿಗೆ ಎರಚುವ ಅಭ್ಯಾಸ ಇದ್ದರೆ ಈ ಸಲ ಬಿಡಿ.

ಈಗ ಸ್ವಲ್ಪ ಲೆಕ್ಕ ಹಾಕೋಣ, ಭಯ ಅಳತೆಗೆ ಸಿಗುತ್ತದೆ. ಪಶು ಆಹಾರದಲ್ಲಿ ಬಿ1 ಅಳೆಯುವುದು ಪಿಪಿಬಿ ಲೆಕ್ಕದಲ್ಲಿ. ಒಂದು ಪಿಪಿಬಿ ಅಂದರೆ ಕೆಜಿಗೆ ಒಂದು ಮೈಕ್ರೊಗ್ರಾಂ. ಹಾಲು ಕೊಡುವ ಹಸುಗಳ ಸಿದ್ಧ ಆಹಾರಕ್ಕೆ ಇರುವ ಐಎಸ್ 2052 ಮಾನದಂಡದಲ್ಲಿ ಮಿತಿ 20 ಪಿಪಿಬಿ. ಅಂದರೆ ಒಂದು ಟನ್ ಆಹಾರದಲ್ಲಿ 20 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಮ್ಮಿ. ಹಾಲಿನಲ್ಲಿ ಎಂ1ಗೆ ನಮ್ಮ ದೇಶದ ಮಿತಿ ಕೆಜಿಗೆ 0.5 ಮೈಕ್ರೊಗ್ರಾಂ. ಯುರೋಪಿನಲ್ಲಿ ಇದರ ಹತ್ತನೇ ಒಂದು, 0.05.

ಹಸು ತಿಂದ ಬಿ1ರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಭಾಗ ಎಂ1 ಆಗಿ ಹಾಲಿಗೆ ಬರುತ್ತದೆ. ತುಂಬ ಹಾಲು ಕೊಡುವ ಹಸುಗಳಲ್ಲಿ ಇದು ಆರರವರೆಗೂ ಹೋಗಬಹುದು. ನಿಮ್ಮ ಹಿಂಡಿಯಲ್ಲಿ 200 ಪಿಪಿಬಿ ಇದೆ ಅಂತ ಸುಮ್ನೆ ಇಟ್ಟುಕೊಳ್ಳಿ. ಕೆಟ್ಟ ಹಿಂಡಿಯಲ್ಲಿ ಅಷ್ಟಿರುವುದು ದೊಡ್ಡ ವಿಷಯವೇನಲ್ಲ. ದಿನಕ್ಕೆ ಎರಡು ಕೆಜಿ ಹಾಕಿದರೆ 400 ಮೈಕ್ರೊಗ್ರಾಂ. ನೂರಕ್ಕೆ ಎರಡರಂತೆ 8 ಮೈಕ್ರೊಗ್ರಾಂ ಹಾಲಿಗೆ. 14 ಲೀಟರಿಗೆ ಹಂಚಿದರೆ ಲೀಟರಿಗೆ 0.57. ಮಿತಿ ದಾಟಿತು. ಅದೇ ಹಿಂಡಿಯನ್ನು ಒಂದೇ ಕೆಜಿ ಹಾಕಿದ್ದರೆ 0.29, ಪಾಸು. 20 ಪಿಪಿಬಿಯ ಸಿದ್ಧ ಆಹಾರ ದಿನಕ್ಕೆ ಐದು ಕೆಜಿ ತಿಂದರೂ 0.14 ಅಷ್ಟೇ. ಆಹಾರಕ್ಕೆ ಇಟ್ಟ ಮಿತಿಗೂ ಹಾಲಿಗೆ ಇಟ್ಟ ಮಿತಿಗೂ ಹೀಗೆ ಒಂದು ಹೊಂದಾಣಿಕೆ ಇದೆ.

ಈ ಲೆಕ್ಕದಲ್ಲಿ ಒಳ್ಳೆಯ ಸುದ್ದಿಯೂ ಇದೆ. ಕೆಟ್ಟ ಹಿಂಡಿ ತಿಂದ 12ರಿಂದ 24 ಗಂಟೆಯೊಳಗೆ ಎಂ1 ಹಾಲಿಗೆ ಬರುತ್ತದೆ, ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಬಹುತೇಕ ಹೋಗಿಬಿಡುತ್ತದೆ. ಹಾಲಿನ ಮಟ್ಟಿಗೆ ಹಸುವಿನ ಮೈಯಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದಲ್ಲ. ನಾಲ್ಕೈದು ದಿನ ಅಂತ ಮೇಲೆ ಹೇಳಿದ್ದು ಇದಕ್ಕೇ.

ಹಾಗಿದ್ದರೆ ಉಳಿದ ನಾಲ್ಕು ಮೂಟೆಯಲ್ಲಿ ಬೂಷ್ಟೇ ಇಲ್ಲವಲ್ಲ, ಅದನ್ನೇಕೆ ನಿಲ್ಲಿಸಬೇಕು? ಯಾಕೆಂದರೆ ವಿಷ ನಿಮ್ಮ ಗೋಡೆಯ ಪಕ್ಕದಲ್ಲಿ ಮಾತ್ರ ಹುಟ್ಟುವುದಲ್ಲ, ಹೊಲದಲ್ಲೇ ಶುರುವಾಗುತ್ತದೆ. ಕಡ್ಲೆಕಾಯಿ ಬಲಿಯುವ ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟು ನೆಲ ಕಾದರೆ, ಮಣ್ಣಿನಲ್ಲೇ ಇರುವ ಈ ಶಿಲೀಂಧ್ರ ಕಾಯಿಯೊಳಕ್ಕೆ ಹೋಗುತ್ತದೆ. ಶಿರಾ, ಪಾವಗಡ, ಚಳ್ಳಕೆರೆ ಕಡೆಯ ಮಳೆಯಾಧಾರಿತ ಹೊಲಗಳಲ್ಲಿ ಇದೇನು ಅಪರೂಪವೇ? ಕಿತ್ತ ಮೇಲೆ ಸರಿಯಾಗಿ ಒಣಗುವ ಮುಂಚೆ ಮಳೆ ಬಂದರೆ ಇನ್ನೂ ಜಾಸ್ತಿ. ಆಮೇಲೆ ವ್ಯಾಪಾರದ ಕಥೆ. ದಪ್ಪ, ಗಟ್ಟಿ ಬೀಜ ತಿನ್ನುವ ಮಾರುಕಟ್ಟೆಗೆ, ರಫ್ತಿಗೆ ಹೋಗುತ್ತದೆ. ಮುದುರಿದ್ದು, ಬಣ್ಣಗೆಟ್ಟದ್ದು, ಹುಳ ಕೊರೆದದ್ದು, ಒಡೆದದ್ದು ಆರಿಸಿ ತೆಗೆದ ಮೇಲೆ ಎಣ್ಣೆ ಮಿಲ್ಲಿಗೆ ಬರುತ್ತದೆ. ವಿಷ ಹೆಚ್ಚಾಗಿ ಇರುವುದು ಆ ಬೀಜಗಳಲ್ಲೇ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹೀಗೆ ಮನುಷ್ಯರಿಗೆ ಬೇಡವಾದದ್ದು ಹಸುವಿನ ಮೂಲಕ ಸುತ್ತಿ ಮನುಷ್ಯರ ಲೋಟಕ್ಕೇ ಬರುತ್ತದೆ. ಮಿಲ್ಲಿನವರು ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಈ ವ್ಯಾಪಾರ ನಡೆಯುವುದೇ ಹೀಗೆ. ಹತ್ತಿಕಾಳು ಹಿಂಡಿ, ಮೆಕ್ಕೆಜೋಳಕ್ಕೂ ಈ ಸಮಸ್ಯೆ ಇದೆ. ಹಾಗಾಗಿ ಕಡ್ಲೆಕಾಯಿ ಹಿಂಡಿ ಬಿಟ್ಟು ಅದಕ್ಕೆ ಹೋದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ.

ನಿಗಾ ಇಡುವವರು ಯಾರೂ ಇಲ್ಲವೇ ಅಂತ ನೀವು ಕೇಳಬಹುದು. ಹಾಲಿನ ಮೇಲೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ ತುಂಬ 6,432 ಹಾಲಿನ ಮಾದರಿ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಹೊರಗೆ ಬಿಟ್ಟಿತು. 368ರಲ್ಲಿ, ಅಂದರೆ ನೂರಕ್ಕೆ 5.7ರಷ್ಟರಲ್ಲಿ, ಎಂ1 ಮಿತಿಗಿಂತ ಜಾಸ್ತಿ ಇತ್ತು. 77ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಆರೋಗ್ಯಕ್ಕೆ ಅಪಾಯವಾಗುವಂಥ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ನಾವೆಲ್ಲ ಯೂರಿಯಾ, ಸೋಪಿನ ಪುಡಿ ಅಂತ ಹೆದರುತ್ತಿರುತ್ತೇವೆ, ನಿಜವಾಗಿ ಜಾಸ್ತಿ ಸಿಕ್ಕಿದ್ದು ಹಿಂಡಿಯಿಂದ ಬಂದ ವಿಷ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆ ಆಹಾರ ಅನ್ನುವ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಟ್ಟಿದೆ. ಹಾಲು ಹಿಡಿಯುವ ಕಾನೂನು ಮೂಟೆಯನ್ನು ಹಿಡಿಯುವುದಿಲ್ಲ. ಐಎಸ್‌ಐ ಗುರುತಿನ ಸಿದ್ಧ ಆಹಾರಕ್ಕೆ ಒಂದು ಮಾನದಂಡವಾದರೂ ಇದೆ. ಮಿಲ್ಲಿನಿಂದ ಬಿಡಿಯಾಗಿ ಬರುವ ಹಿಂಡಿಗೆ ಕಾವಲು ನೀವೇ.

ಇನ್ನೊಂದು ವಿಷಯ ನಿಮ್ಮ ಮನೆಗೆ ನೇರವಾಗಿ ಸಂಬಂಧಿಸಿದ್ದು. ಸಂಘಕ್ಕೆ ಹೋದ ನಿಮ್ಮ ಹಾಲು ಊರಿನ ಬೇರೆಯವರ ಹಾಲಿನ ಜೊತೆ ಸೇರುತ್ತದೆ. ನಿಮ್ಮೊಬ್ಬರದ್ದು ಕೆಟ್ಟಿದ್ದರೆ ಅಲ್ಲಿ ತೆಳುವಾಗುತ್ತದೆ. ಊರಿನವರೆಲ್ಲ ಅದೇ ಲೋಡಿನ ಹಿಂಡಿ ಹಾಕಿದ್ದರೆ ತೆಳುವಾಗುವುದಿಲ್ಲ, ಅದು ಬೇರೆ ಮಾತು. 2019ರ ವರದಿಯಲ್ಲಿ ಬಿಡಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಎಂ1 ತೊಂದರೆ ಹೆಚ್ಚು ಕಂಡಿತ್ತು. ಆದರೆ ಮನೆಗೆ ಅಂತ ತೆಗೆದಿಟ್ಟ ಹಾಲು ಯಾವುದರ ಜೊತೆಗೂ ಸೇರುವುದಿಲ್ಲ, ದಿನವೂ ಅದೇ ಹಸು, ಅದೇ ಮೂಟೆ. ಹಿಂಡಿ ಕೆಟ್ಟರೆ ಮೊದಲು, ಜಾಸ್ತಿ ಕುಡಿಯುವವರು ನಿಮ್ಮ ಮನೆಯವರೇ.

ಮಗುವಿನ ಮಾತಿಗೆ ಬರುತ್ತೇನೆ. ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಲಿವರ್ ಕ್ಯಾನ್ಸರ್‌ಗೆ ಕಾರಣ ಅನ್ನುವುದು ಖಚಿತವಾಗಿದೆ. ಎಂ1ನ ಶಕ್ತಿ ಬಿ1ರ ಹತ್ತನೇ ಒಂದರಷ್ಟು ಅಂತ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಲೆಕ್ಕ ಹಾಕಿದೆ. ಅಪಾಯ ಇರುವುದು ವರ್ಷಗಟ್ಟಲೆ ಸೇರುತ್ತಾ ಹೋಗುವುದರಿಂದ. ಕೆಲವು ವಾರ ಕುಡಿದ ಹಾಲಿನಿಂದ ಮಗುವಿಗೆ ಏನೋ ಆಗಿಬಿಟ್ಟಿದೆ ಅಂತ ಆಸ್ಪತ್ರೆಗೆ ಓಡಬೇಕಿಲ್ಲ. ಮಗು ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಜಾಸ್ತಿ ಹಾಲು ಕುಡಿಯುತ್ತದೆ, ಅದಕ್ಕೇ ಅದರ ಹಾಲಿನ ಮೇಲೆ ಹೆಚ್ಚು ನಿಗಾ. ಹೆಪಟೈಟಿಸ್ ಬಿ ಇದ್ದವರಿಗೆ ಅಫ್ಲಾಟಾಕ್ಸಿನ್ ಅಪಾಯ ಹಲವು ಪಟ್ಟು ಏರುತ್ತದೆ. ಮಗುವಿಗೆ ಆ ಲಸಿಕೆ ಪೂರ್ತಿ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಸರ್ಕಾರಿ ಲಸಿಕೆಯಲ್ಲೇ ಅದು ಸೇರಿದೆ. ಪಕ್ಕದ ಮನೆಯ ಹಾಲು ಸಿಗದಿದ್ದರೆ ಪ್ಯಾಕೆಟ್ ಹಾಲೂ ಆಗುತ್ತದೆ. ಅದೇನು ನೂರಕ್ಕೆ ನೂರು ಶುದ್ಧ ಅಂತಲ್ಲ, ಆದರೆ ಗೊತ್ತಿದ್ದೂ ಬೂಷ್ಟು ಹಿಂಡಿಯ ಹಾಲು ಕೊಡುವುದಕ್ಕಿಂತ ವಾಸಿ.

ಹಾಲಿನ ಬಗ್ಗೆ ಇಷ್ಟು ಹೆದರುವ ಮನೆಗಳಲ್ಲಿ ಚಟ್ನಿಪುಡಿ ಡಬ್ಬಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಳ್ಳೆಯ ಕಾಯಿ ಮಾರಿ, ಮುದುರಿದ ಬೀಜವನ್ನು ಮನೆಗೆ ಇಟ್ಟುಕೊಳ್ಳುವ ಪದ್ಧತಿ ಕಡ್ಲೆಕಾಯಿ ಬೆಳೆಯುವ ಕಡೆ ಇದ್ದೇ ಇದೆ. ಅದರಲ್ಲಿರುವುದು ನೇರವಾಗಿ ಬಿ1, ಹಾಲಿನಲ್ಲಿರುವುದಕ್ಕಿಂತ ಹತ್ತು ಪಟ್ಟು ಶಕ್ತಿಯದ್ದು. ಹುರಿದರೆ ಸ್ವಲ್ಪ ಕಮ್ಮಿ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಮನೆಗೆ ಬಳಸುವ ಬೀಜವನ್ನು ಆರಿಸಿ. ಮುದುರಿದ್ದು, ಕಪ್ಪಾದದ್ದು, ಕಹಿ ಬಂದದ್ದು ಎಸೆಯಿರಿ. ಇಷ್ಟರಿಂದಲೇ ದೊಡ್ಡ ಪಾಲು ವಿಷ ಮನೆಯಿಂದ ಹೊರಗೆ ಹೋಗುತ್ತದೆ.

ಇನ್ನು ಮೂಟೆಗಳನ್ನು ಏನು ಮಾಡುವುದು? ಬೂಷ್ಟಿನ ಎರಡನ್ನು ಮಿಲ್ಲಿಗೆ ವಾಪಸ್ ಕೊಡಲು ಕೇಳಬಹುದು, ಆದರೆ ಗೋಡೆಯ ತೇವದಿಂದ ಬಂದದ್ದು ಅಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿ ಸಗಣಿ ಮುಚ್ಚಿ. ಒಡೆಯುವಾಗ, ಸುರಿಯುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು, ಆಸ್ತಮಾ ಇರುವವರಂತೂ ಹತ್ತಿರ ಬರಬಾರದು. ಗಬ್ಬದ ಹಸುವಿಗೆ ಹಾಕಿ ಮುಗಿಸುವುದು ಯಾಕೆ ಬೇಡ ಅಂದರೆ, ಹಾಲಿಗೆ ಬರದಿದ್ದರೂ ವಿಷ ಹೊಟ್ಟೆಯ ಕರುವಿಗೆ ದಾಟುತ್ತದೆ, ಹಸುವಿನ ಲಿವರ್‌ಗೂ ಪೆಟ್ಟು. ಕರು ಹಾಕುವ ಹೊತ್ತಿಗೆ ಲಿವರ್ ಗಟ್ಟಿಯಾಗಿರಬೇಕು. ಎರಡು ಮೂಟೆ ಹಿಂಡಿಯ ದುಡ್ಡು ದೊಡ್ಡದೇ, ನನಗೆ ಗೊತ್ತು. ಕರು ಅದಕ್ಕಿಂತ ದೊಡ್ಡದು.

ಉಳಿದ ನಾಲ್ಕಕ್ಕೆ ಎರಡು ದಾರಿ. ಒಂದು, ಪರೀಕ್ಷೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಖಾಸಗಿ ಮಾನ್ಯತೆ ಪಡೆದ ಲ್ಯಾಬುಗಳಲ್ಲಿ ಮೊದಲೇ ಫೋನ್ ಮಾಡಿ ಶುಲ್ಕ, ಮಾದರಿ ಎಷ್ಟು ಬೇಕು ಅಂತ ಕೇಳಿಕೊಳ್ಳಿ. ನಿಮ್ಮ ಹಾಲು ಒಕ್ಕೂಟದ ಪಶು ವೈದ್ಯರ ಮೂಲಕ ಹೋದರೆ ಸುಲಭ. ಆದರೆ ಮಾದರಿ ತೆಗೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಈ ವಿಷ ಮೂಟೆಯ ತುಂಬ ಸಮನಾಗಿ ಇರುವುದಿಲ್ಲ, ಗುಂಪು ಗುಂಪಾಗಿ ಇರುತ್ತದೆ. ಮೇಲಿಂದ ಒಂದು ಹಿಡಿ ಕೊಟ್ಟರೆ ಬರುವ ರಿಪೋರ್ಟು ಆ ಹಿಡಿಯದ್ದು ಮಾತ್ರ. ಪ್ರತಿ ಮೂಟೆಯ ಮೇಲೆ, ನಡುವೆ, ತಳ, ಅಂಚಿನಿಂದ ಹತ್ತು ಹದಿನೈದು ಕಡೆ ತೆಗೆದು, ಎಲ್ಲ ಪುಡಿ ಮಾಡಿ ಕಲಸಿ, ರಾಶಿಯನ್ನು ನಾಲ್ಕು ಭಾಗ ಮಾಡಿ ಎದುರೆದುರಿನ ಎರಡು ಭಾಗ ಉಳಿಸಿಕೊಳ್ಳಿ. ಮತ್ತೆ ಕಲಸಿ ಮತ್ತೆ ಭಾಗ ಮಾಡಿ. ಕೊನೆಗೆ ಉಳಿದ ಒಂದು ಕೆಜಿಯಷ್ಟನ್ನು ಕಾಗದದ ಕವರಿನಲ್ಲಿ ಕಳಿಸಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿದರೆ ದಾರಿಯಲ್ಲೇ ಬೂಷ್ಟು ಬೆಳೆಯುತ್ತದೆ. ನಾಲ್ಕು ಮೂಟೆಗೆ ಪರೀಕ್ಷೆಯ ಖರ್ಚು ಗಿಟ್ಟುವುದಿಲ್ಲ ಅನಿಸಿದರೆ, ಅದೇ ಲೋಡಿನಲ್ಲಿ ತಂದವರು ಊರಿನಲ್ಲಿ ಇನ್ನೂ ಇರುತ್ತಾರಲ್ಲ, ಹಂಚಿಕೊಳ್ಳಿ.

ಎರಡನೇ ದಾರಿ, ಪ್ರಮಾಣ ಇಳಿಸಿ ಪುಡಿಯ ಜೊತೆ ಹಾಕುವುದು. ಅಂಗಡಿಯವರು ಕೊಟ್ಟದ್ದು ಟಾಕ್ಸಿನ್ ಬೈಂಡರ್. ಅದು ಸುಳ್ಳಲ್ಲ. ಬೆಂಟೊನೈಟ್‌ನಂಥ ಜೇಡಿಮಣ್ಣು ಹಸುವಿನ ಹೊಟ್ಟೆಯಲ್ಲಿ ಅಫ್ಲಾಟಾಕ್ಸಿನ್ ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹಾಕುತ್ತದೆ. ಯುರೋಪಿನಲ್ಲೂ ಇದಕ್ಕೆ ಒಪ್ಪಿಗೆ ಇದೆ. ಆದರೆ ಅದು ಒಂದು ಪಾಲು ಇಳಿಸುತ್ತದೆ, ಎಲ್ಲ ಹೀರಿಕೊಳ್ಳುವುದಿಲ್ಲ. ಬೂಷ್ಟು ಮಾಡುವ ಬೇರೆ ಕೆಲವು ವಿಷಗಳನ್ನು ಹಿಡಿಯುವುದೇ ಇಲ್ಲ. ಪೊಟ್ಟಣದ ಮೇಲೆ ಒಳಗೆ ಏನಿದೆ, ಕೆಜಿ ಆಹಾರಕ್ಕೆ ಎಷ್ಟು ಅಂತ ಬರೆದಿಲ್ಲದಿದ್ದರೆ ವಾಪಸ್ ಕೊಡಿ. ಹಸುವಿಗೆ ಔಷಧ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಿ, ಕೆಲವು ಔಷಧವನ್ನೂ ಅದು ಹಿಡಿದುಕೊಳ್ಳುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುವ, ಮುಗ್ಗಲು ವಾಸನೆ ಇಲ್ಲದ ಹಿಂಡಿಗೆ ಮಳೆಗಾಲದಲ್ಲಿ ಹೆಚ್ಚುವರಿ ರಕ್ಷಣೆಯಾಗಿ ಬಳಸಿದರೆ ಸರಿ. ಬೂಷ್ಟು ಹಿಂಡಿ ತಿನ್ನಿಸಲು ಅದನ್ನು ಪರವಾನಗಿ ಮಾಡಿಕೊಳ್ಳಬೇಡಿ. ಕಾರ್ಖಾನೆಗಳಲ್ಲಿ ಅಮೋನಿಯಾ ಬಳಸಿ ಹಿಂಡಿಯ ವಿಷ ಮುರಿಯುವ ವಿಧಾನ ಇದೆ, ಮನೆಯಲ್ಲಿ ಪ್ರಯತ್ನಿಸಬೇಡಿ.

ಪರೀಕ್ಷೆ ಬರುವವರೆಗೆ ಹಿಂಡಿಯ ಜಾಗಕ್ಕೆ ಐಎಸ್‌ಐ ಗುರುತಿನ ಸಿದ್ಧ ಆಹಾರ ಕೊಡಿ. ಸಾಮಾನ್ಯವಾಗಿ ಮೇವು ಬದಲಿಸುವಾಗ ವಾರ ಹತ್ತು ದಿನ ನಿಧಾನವಾಗಿ ಬದಲಿಸಿ ಅನ್ನುತ್ತೇವೆ. ಇಲ್ಲಿ ಹಿಂಡಿಯನ್ನು ಒಂದೇ ಸಲ ನಿಲ್ಲಿಸಿ, ಹೊಸದನ್ನು ನಿಧಾನವಾಗಿ ಏರಿಸಿ, ನಡುವಿನ ಕೊರತೆಗೆ ಹಸಿರು ಮೇವು, ರಾಗಿ ಹುಲ್ಲು. ಕೆಲವು ದಿನ ಹಾಲು ಒಂದೆರಡು ಲೀಟರ್ ಇಳಿಯಬಹುದು. ಹೊಟ್ಟೆ ಕೆಟ್ಟರೆ ಅದಕ್ಕಿಂತ ಜಾಸ್ತಿ ಇಳಿಯುತ್ತದೆ.

ಮುಂದಿನ ಸಲ ಮಳೆಗಾಲಕ್ಕೆ ಆರು ಮೂಟೆ ಒಟ್ಟಿಗೆ ತರಬೇಡಿ, ಬೆಲೆ ಸ್ವಲ್ಪ ಜಾಸ್ತಿಯಾದರೂ ತಿಂಗಳಿಗಾಗುವಷ್ಟು ತನ್ನಿ. ತರುವಾಗ ಒಂದು ಗಟ್ಟಿ ಒಡೆದು ಒಳಗೆ ನೋಡಿ, ಮೂಸಿ. ಮೂಟೆಯನ್ನು ನೆಲಕ್ಕಾಗಲೀ ಗೋಡೆಗಾಗಲೀ ತಾಗಿಸದೆ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಟಾರ್ಪಾಲು ಬಿಗಿಯಾಗಿ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಮೆಕ್ಕೆಜೋಳ ಇಡುವುದಾದರೆ ಹಳೇ ಉಪ್ಪಿನ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಣಗಿದ ಗಾಜಿನ ಬಾಟಲಿಗೆ ಕಾಳು, ಒಂದು ಚಮಚ ಒಣ ಉಪ್ಪು ಹಾಕಿ ಅಲ್ಲಾಡಿಸಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ ಇದೆ ಅಂತ ಅರ್ಥ, ಇನ್ನೂ ಒಣಗಬೇಕು. ಹಿಂಡಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಹಿಂಡಿಯನ್ನು ವಾರಕ್ಕೊಮ್ಮೆ ಮೂಟೆಯ ತಳದಿಂದ ತೆಗೆದು ನೋಡಿ, ಬೂಷ್ಟು ಹೆಚ್ಚಾಗಿ ಶುರುವಾಗುವುದು ಅಲ್ಲೇ.